ಸಿಂಹಳ ತೆರೆಯ ಮೊದಲ ದನಿ

1947ರ ಜನವರಿ 21ರಂದು ಕೊಲಂಬೊದ ಮೈಲನ್ ಚಿತ್ರಮಂದಿರದ ಪರದೆ ಮೊತ್ತಮೊದಲ ಬಾರಿಗೆ ಸಿಂಹಳದಲ್ಲಿ ಮಾತಾಡಿತು. ಅಲ್ಲಿಯವರೆಗೆ ಲಂಕೆಯ ಜನ ಟಿಕೆಟ್ ಕೊಂಡು ನೋಡುತ್ತಿದ್ದದ್ದು ಹಿಂದಿ, ತಮಿಳು, ಇಂಗ್ಲಿಷ್ ಚಿತ್ರಗಳನ್ನು. ಮಾತು ಅರ್ಥವಾಗದಿದ್ದರೂ ಹಾಡು, ಕುಣಿತ, ಕಣ್ಣೀರು ಅರ್ಥವಾಗುತ್ತಿದ್ದವು. 'ಕಡವುಣು ಪೊರೊಂದುವ' ಎಂಬ ಆ ಚಿತ್ರದ ಹೆಸರನ್ನು ನಮ್ಮಲ್ಲಿ 'ಮುರಿದ ಮಾತು' ಎನ್ನಬಹುದು. ಸಿಲೋನ್ ಇನ್ನೂ ಸ್ವತಂತ್ರವಾಗಿರಲಿಲ್ಲ, ಅದಕ್ಕೆ ಮತ್ತೂ ಒಂದು ವರ್ಷ ಕಾಯಬೇಕಿತ್ತು. ದೇಶಕ್ಕೆ ಬಾವುಟ ಬರುವ ಮೊದಲೇ ಭಾಷೆಗೆ ಸಿನಿಮಾ ಬಂದಿತ್ತು.

ಆ ಚಿತ್ರದ ನಾಯಕಿ ರುಕ್ಮಣಿ ದೇವಿ. ಸಿಂಹಳದ ಮೊದಲ ವಾಕ್ಚಿತ್ರದ ಮೊದಲ ನಾಯಕಿ, ತೆರೆಯ ಮೇಲೆ ತನ್ನ ಹಾಡನ್ನು ತಾನೇ ಹಾಡಿದ ಗಾಯಕಿ, ಮುಂದೆ ಇಡೀ ದ್ವೀಪ 'ಕೋಗಿಲೆ' ಎಂದು ಕರೆದ ಹೆಣ್ಣುಮಗಳು. ಹುಟ್ಟಿದಾಗ ಇಟ್ಟ ಹೆಸರು ಡೈಸಿ ರಾಸಮ್ಮ ಡ್ಯಾನಿಯೆಲ್ಸ್. ಧರ್ಮದಿಂದ ಕ್ರೈಸ್ತರು, ಮೂಲದಿಂದ ದಕ್ಷಿಣ ಭಾರತದ ಕಡೆಯವರು. ಸಿಂಹಳ ಅವರ ಮನೆಮಾತಲ್ಲ. ಆ ಭಾಷೆಯ ಸಿನಿಮಾಕ್ಕೆ ಗಂಟಲು ಕೊಟ್ಟವರು ಆ ಭಾಷೆಯನ್ನು ಮನೆಯ ಹೊರಗೆ ಕಲಿತವರು.

ಈ ಸಂಗತಿಯನ್ನು ಒಂದು ಸ್ವಾರಸ್ಯವೆಂದು ಹೇಳಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಶ್ರೀಲಂಕಾ ಎಂದರೆ ನಮಗೆ ಇವತ್ತು ನೆನಪಾಗುವುದು ಎರಡು ಭಾಷೆಗಳ ನಡುವಿನ ಜಗಳ, ಮೂರು ದಶಕಗಳ ಯುದ್ಧ, ಸಮುದ್ರ ದಾಟಿ ಬಂದ ನಿರಾಶ್ರಿತರು. ಆ ನೆನಪು ಸುಳ್ಳಲ್ಲ. ಆದರೆ ಅದಕ್ಕಿಂತ ಹಿಂದಿನ ಇನ್ನೊಂದು ಕಥೆಯೂ ಇದೆ. ಅದರಲ್ಲಿ ತಮಿಳರು, ಮುಸ್ಲಿಮರು, ಕ್ರೈಸ್ತರು, ಭಾರತದಿಂದ ಹೋದ ತಂತ್ರಜ್ಞರು, ಸಿಂಹಳ ಬೌದ್ಧರು ಎಲ್ಲರೂ ಕೂಡಿ ಸಿಂಹಳ ಸಿನಿಮಾ ಕಟ್ಟಿದರು. ರುಕ್ಮಣಿ ದೇವಿಯ ಬದುಕನ್ನು ಹಿಡಿದು ನಡೆದರೆ ಆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಅವರು ಹುಟ್ಟಿದ್ದು 1923ರ ಜನವರಿ 15ರಂದು, ನುವರ ಎಲಿಯ ಜಿಲ್ಲೆಯ ರಂಬೊಡದಲ್ಲಿ. ಚಹಾ ತೋಟಗಳ ಬೆಟ್ಟಸಾಲು ಅದು. ಅಲ್ಲಿಂದ ಮೇಲಕ್ಕೆ ನುವರ ಎಲಿಯ ದಾಟಿದರೆ ಸೀತಾ ಎಲಿಯ ಎಂಬ ಊರು ಸಿಗುತ್ತದೆ. ರಾವಣ ಸೀತೆಯನ್ನು ಇಟ್ಟಿದ್ದ ಅಶೋಕವನ ಇದೇ ಎಂದು ಅಲ್ಲಿಯ ಜನ ತೋರಿಸುತ್ತಾರೆ, ಸೀತೆಗೊಂದು ಗುಡಿಯೂ ಇದೆ. ಡೈಸಿಯ ಮನೆತನ ಕೊಲಂಬೊ ಚೆಟ್ಟಿಗಳದು. ಇವರ ಹಿರಿಯರು ವ್ಯಾಪಾರಕ್ಕಾಗಿ ದಕ್ಷಿಣ ಭಾರತದಿಂದ ಹೋಗಿ ನೆಲೆಸಿದವರು; ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರ ಹಿಂದೊಬ್ಬರು ಬಂದ ಕಾಲದಲ್ಲಿ ಬಹುಪಾಲು ಮಂದಿ ಕ್ರೈಸ್ತರಾದರು. 1834ರಲ್ಲಿ 'ಸಿಲೋನ್ ಗೆಜೆಟಿಯರ್' ಬರೆದ ಸೈಮನ್ ಕಾಸಿ ಚೆಟ್ಟಿ ಈ ಸಮುದಾಯದವರೇ. ಎಣಿಕೆಯಲ್ಲಿ ಸಣ್ಣವರು, ಊರಿನ ಓದುಬರಹದಲ್ಲಿ, ಕಚೇರಿಗಳಲ್ಲಿ, ವ್ಯಾಪಾರದಲ್ಲಿ ದೊಡ್ಡ ಹೆಸರು. ತಮಿಳರ ಲೆಕ್ಕಕ್ಕೂ ಸಿಂಹಳರ ಲೆಕ್ಕಕ್ಕೂ ಪೂರ್ತಿ ಸೇರದ ಜನ ಇವರು. ರುಕ್ಮಣಿಯನ್ನು ಅರಿಯಲು ಈ ನಡುವಿನ ನೆಲೆ ಮುಖ್ಯ.

ಕುಟುಂಬ ಕೊಲಂಬೊಗೆ ಬಂದು ವೆಳ್ಳವತ್ತೆಯಲ್ಲಿ ನಿಂತಿತು. ಮಗು ಅಲ್ಲಿನ ಸೇಂಟ್ ಕ್ಲೇರ್ಸ್ ಶಾಲೆಗೆ ಸೇರಿತು. ಏಳರ ವಯಸ್ಸಿನಲ್ಲಿ ಕ್ರಿಸ್ಮಸ್ ನಾಟಕವೊಂದರಲ್ಲಿ ಪಾತ್ರ ಮಾಡಿತು. ಹನ್ನೆರಡರ ಸುಮಾರಿಗೆ ರಾಮಾಯಣದ ಕಥೆಯ ಸಿಂಹಳ ನಾಟಕದಿಂದ ದೊಡ್ಡವರ ರಂಗಕ್ಕೆ ಕಾಲಿಟ್ಟಿತು. ಡೈಸಿ ಎಂಬ ಹೆಸರಿಟ್ಟುಕೊಂಡು ರಾಮಾಯಣದ ನಾಟಕ ಆಡುವುದು ಹೇಗೆ? ರುಕ್ಮಣಿ ದೇವಿ ಎಂಬ ಹೆಸರು ಬಂತು. ಆ ಹೆಸರೇ ಮುಂದೆ ಉಳಿಯಿತು.

ಅವರು ಕಾಲಿಟ್ಟ ರಂಗದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅದು ನಮಗೆ ದೂರದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಪಾರ್ಸಿ ನಾಟಕ ಕಂಪನಿಗಳು ಊರೂರು ಸುತ್ತಿದವು. ಮೈಸೂರಿಗೆ ಬಂದಾಗ ಅವುಗಳ ಪರದೆ, ಉಡುಪು, ಹಾಡಿನ ಮಟ್ಟುಗಳಿಗೆ ಬೆರಗಾಗಿಯೇ ನಮ್ಮಲ್ಲಿ ಅರಮನೆ ನಾಟಕ ಕಂಪನಿ, ಆಮೇಲೆ ವೃತ್ತಿ ರಂಗಭೂಮಿ ಚಿಗುರಿದ್ದು. ಅಂಥವೇ ಕಂಪನಿಗಳು ಕೊಲಂಬೊಗೂ ಹೋದವು. ಅಲ್ಲಿ ಅದರಿಂದ ಹುಟ್ಟಿದ್ದು ನೂರ್ತಿ. ಸಿ. ಡಾನ್ ಬಾಸ್ಟಿಯನ್ ಶುರು ಮಾಡಿದ ಈ ಬಗೆಯ ನಾಟಕವನ್ನು ಜಾನ್ ಡಿ ಸಿಲ್ವ ಬೆಳೆಸಿದರು. ಅವರ ನಾಟಕಗಳಿಗೆ ಹಿಂದೂಸ್ತಾನಿ ರಾಗಗಳಲ್ಲಿ ಮಟ್ಟು ಹಾಕಿಕೊಟ್ಟವರು ಭಾರತದಿಂದ ಹೋದ ವಿಶ್ವನಾಥ ಲಾವ್ಜಿ. 1911ರಲ್ಲಿ ಮರದಾನದಲ್ಲಿ ಕಟ್ಟಿದ ಟವರ್ ಹಾಲ್ ಈ ನೂರ್ತಿಯ ಮನೆಯಾಯಿತು. ಅಲ್ಲಿ ಹೆಸರು ಮಾಡಿದ ಆನಿ ಬೊತೇಜು, ಲಕ್ಷ್ಮೀಬಾಯಿ ಮೊದಲಾದ ನಟಿಯರೆಲ್ಲ ಹಾಡುಗಾರ್ತಿಯರು. ನಟಿಸುವುದು ಎಂದರೇ ಹಾಡುವುದು. ಗುಬ್ಬಿ ಕಂಪನಿಯ ನಾಟಕ ಕಂಡ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಸೂರಿನ ಹುಡುಗಿಯೊಬ್ಬಳು ಅಂದು ಟವರ್ ಹಾಲಿನಲ್ಲಿ ಕೂತಿದ್ದರೆ ಭಾಷೆ ತಿಳಿಯದಿದ್ದರೂ ಹಾಡಿನ ದಾರಿ ಎತ್ತ ಹೊರಳುತ್ತದೆಂದು ಊಹಿಸಿಬಿಡುತ್ತಿದ್ದಳು.

ರುಕ್ಮಣಿ ಹುಡುಗಿಯಾಗಿದ್ದ ಹೊತ್ತಿಗೆ ಟಾಕಿಗಳ ಮುಂದೆ ಟವರ್ ಹಾಲ್ ಸೊರಗಿತ್ತು. ಆದರೆ ಅಲ್ಲಿ ತಯಾರಾದ ಸಂಗೀತಗಾರರು ಗ್ರಾಮಫೋನಿನ ಕಡೆಗೆ ಹೊರಳಿದ್ದರು. ಎಚ್.ಡಬ್ಲ್ಯು. ರೂಪಸಿಂಘೆ ಅಂಥವರಲ್ಲಿ ಒಬ್ಬರು, ಜನರಿಗೆ ರೂಪಸಿಂಘೆ ಮಾಸ್ಟರ್. 1930ರ ದಶಕದ ಕೊನೆಯಲ್ಲಿ ಅವರು ತಮ್ಮ ಜತೆ ಯುಗಳ ಹಾಡಲು ಹದಿಹರೆಯದ ಈ ಹುಡುಗಿಯನ್ನು ಆರಿಸಿಕೊಂಡರು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ಹಾಡುತಟ್ಟೆ. ಹಾಡು 'ಸಿರಿ ಬುದ್ಧಗಯಾ ವಿಹಾರೇ'.

ಇದು ಬರೀ ಒಂದು ಹಾಡಾಗಿರಲಿಲ್ಲ. ಬುದ್ಧಗಯೆಯ ದೇವಾಲಯ ಆಗ ಹಿಂದೂ ಮಹಂತರ ವಶದಲ್ಲಿತ್ತು. ಅದನ್ನು ಬೌದ್ಧರಿಗೆ ಬಿಡಿಸಿಕೊಡಬೇಕೆಂದು ಅನಾಗಾರಿಕ ಧರ್ಮಪಾಲರು 1891ರಲ್ಲಿ ಮಹಾಬೋಧಿ ಸೊಸೈಟಿ ಕಟ್ಟಿ ಹೋರಾಟಕ್ಕಿಳಿದರು, 1933ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಲಂಕೆಯ ಬೌದ್ಧರ ಪಾಲಿಗೆ ಆ ವಿಹಾರದ ಹೆಸರು ಭಕ್ತಿಯೂ ಹೌದು, ಕೈತಪ್ಪಿದ ಆಸ್ತಿಯ ಸಂಕಟವೂ ಹೌದು. ಅಂಥ ಹಾಡನ್ನು ಒಬ್ಬ ಕ್ರೈಸ್ತ ಹುಡುಗಿ ಹಾಡಿದಳು. ಹುಡುಗಿಯ ಜಾತಿ ಯಾವುದು, ಮನೆಮಾತು ಯಾವುದು, ಭಾನುವಾರ ಎಲ್ಲಿಗೆ ಹೋಗುತ್ತಾಳೆ ಎಂಬುದು ಆ ಹಾಡಿಗೆ ಅಡ್ಡ ಬರಲಿಲ್ಲ. ತಟ್ಟೆ ಮನೆಮನೆಗೆ ಹೋಯಿತು. ಲಂಕೆಯ ಜನ ಅದನ್ನು ಇವತ್ತಿಗೂ ಹಾಡಿಕೊಳ್ಳುತ್ತಾರೆ.

ಅವರ ದನಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಆ ಕಾಲದ ಹೆಣ್ಣುದನಿಗಳನ್ನು ಹಳೆಯ ತಟ್ಟೆಗಳಲ್ಲಿ ಕೇಳಿದರೆ ಬಹಳಷ್ಟು ಮೂಗಿನಿಂದ, ಏರುಸ್ವರದಲ್ಲಿ, ಹಿಂದಿನ ಸಾಲಿಗೂ ಕೇಳಲೇಬೇಕೆಂಬ ಹಟದಲ್ಲಿ ಹೊಮ್ಮುತ್ತವೆ. ಮೈಕಿಲ್ಲದ ರಂಗ ಕಲಿಸಿದ ಪಾಠ ಅದು. ರುಕ್ಮಣಿಯದು ತುಂಬುಕಂಠ. ಪದಗಳನ್ನು ಅವಸರಪಡಿಸದೆ ಒಂದೊಂದನ್ನೂ ಪೂರ್ತಿ ಬಿಡಿಸಿ ಹೇಳುತ್ತಾರೆ. ಸಂತೋಷದ ಹಾಡಿನಲ್ಲೂ ತಳದಲ್ಲಿ ಒಂದು ಎಳೆ ನೋವು ಉಳಿಯುತ್ತದೆ. ಕಲಿತ ಭಾಷೆಯಲ್ಲಿ ಹಾಡುವವರು ಉಚ್ಚಾರಣೆಗೆ ಕೊಡುವ ಗಮನ ಹುಟ್ಟುಭಾಷಿಕರು ಎಷ್ಟೋ ಸಲ ಕೊಡುವುದಿಲ್ಲ. ಆಕೆಯ ಸಿಂಹಳದ ಸ್ಪಷ್ಟತೆಗೆ ಇದೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಕೊಲಂಬೊದ ಉತ್ತರಕ್ಕೆ ಕಡಲ ದಡದಲ್ಲಿ ನೆಗೊಂಬೊ ಇದೆ. ಮೀನುಗಾರರ, ಕೆಥೊಲಿಕರ ಊರು. ಅಲ್ಲಿ ಬಿ.ಎ.ಡಬ್ಲ್ಯು. ಜಯಮಾನ್ನ ಎಂಬುವರು ಮಿನರ್ವ ಎಂಬ ನಾಟಕ ತಂಡ ನಡೆಸುತ್ತಿದ್ದರು. ರಾಜರಾಣಿಯರ ಕಥೆ ಬಿಟ್ಟು ಸಮಕಾಲೀನ ಮನೆಗಳ ಕಥೆ ಆಡಿದ ತಂಡ ಅದು. ಬಡವ-ಬಲ್ಲಿದರ ಪ್ರೇಮ, ಮಾತು ತಪ್ಪಿದ ಗಂಡು, ಮೋಸಗಾರ ಪೋಷಕ, ಕೊನೆಗೆ ನ್ಯಾಯ. ಅಣ್ಣ ಬರೆದು ಆಡಿಸುತ್ತಿದ್ದರು, ತಮ್ಮ ಎಡ್ಡಿ ಜಯಮಾನ್ನ ನಗಿಸುತ್ತಿದ್ದರು. ರುಕ್ಮಣಿ ಈ ತಂಡದ ನಾಯಕಿಯಾದರು. ಎಡ್ಡಿಯನ್ನು ಪ್ರೀತಿಸಿದರು, ಮನೆಯವರು ಒಪ್ಪದಿದ್ದರೂ 1943ರಲ್ಲಿ ಮದುವೆಯಾದರು. ತೆರೆಯ ಮೇಲೆ ಆಕೆ ಬೇರೆ ನಾಯಕನ ಜೊತೆ ಅಳುವಾಗ ಗಂಡ ಎಡ್ಡಿ ಅದೇ ಚಿತ್ರದಲ್ಲಿ ಕೆಲಸದಾಳಾಗಿ ಬಂದು ನಗಿಸುತ್ತಿದ್ದರು. ಹತ್ತು ವರ್ಷಕ್ಕೂ ಮಿಕ್ಕಿ ಸಿಂಹಳ ಪ್ರೇಕ್ಷಕರು ನೋಡಿದ್ದು ಈ ಜೋಡಿಯನ್ನು.

ಸಿಂಹಳ ಚಿತ್ರ ತೆಗೆಯಬೇಕೆಂಬ ಆಸೆ ಹಳೆಯದು. 1925ರಲ್ಲೇ ಟಿ.ಎ.ಜೆ. ನೂರ್ಭಾಯಿ ಎಂಬುವರು 'ರಾಜಕೀಯ ವಿಕ್ರಮಯ' ಎಂಬ ಮೂಕಿ ಚಿತ್ರ ಮಾಡಿಸಿದ್ದರು. ಮುಂದೆ ಎಡಪಂಥೀಯ ನಾಯಕರಾಗಿ, ದೇಶದ ಹಣಕಾಸು ಮಂತ್ರಿಯಾದ ಎನ್.ಎಂ. ಪೆರೇರ ಅದರಲ್ಲಿ ಪಾತ್ರ ಮಾಡಿದ್ದರು. ಆದರೆ ಚಿತ್ರ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಆಮೇಲೆ ಎರಡು ದಶಕ ಕಳೆದರೂ ಲಂಕೆಯಲ್ಲಿ ಸ್ಟುಡಿಯೋ ಇರಲಿಲ್ಲ, ಕ್ಯಾಮೆರಾ ಹಿಡಿಯಬಲ್ಲವರು ಇರಲಿಲ್ಲ, ಲ್ಯಾಬ್ ಇರಲಿಲ್ಲ. ಈ ಕೊರತೆ ತುಂಬಲು ಮುಂದೆ ಬಂದವರು ಎಸ್.ಎಂ. ನಾಯಗಂ, ತಮಿಳು ಉದ್ಯಮಿ. ಮದುರೆಯಲ್ಲಿ ಅವರ ಚಿತ್ರಕಲಾ ಮೂವೀಟೋನ್ ಸ್ಟುಡಿಯೋ ಇತ್ತು. ಮಿನರ್ವದ ಜನಪ್ರಿಯ ನಾಟಕ 'ಕಡವುಣು ಪೊರೊಂದುವ'ವನ್ನು ನಟನಟಿಯರ ಸಮೇತ ಅಲ್ಲಿಗೆ ಕರೆಸಿಕೊಂಡರು. ಆ ಕಾಲದಲ್ಲಿ ಕೊಲಂಬೊದಿಂದ ಮದುರೆಗೆ ದಾರಿ ಸುಲಭವಿತ್ತು. ತಲೈಮನ್ನಾರಿನ ತನಕ ರೈಲು, ಅಲ್ಲಿಂದ ಧನುಷ್ಕೋಡಿಗೆ ಹಡಗು, ಮತ್ತೆ ರೈಲು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನು ಕೊಚ್ಚಿಹಾಕುವ ತನಕ ಆ ದಾರಿಯಲ್ಲಿ ತೋಟದ ಕೂಲಿಗಳು, ವ್ಯಾಪಾರಿಗಳು, ನಾಟಕದವರು ಹೋಗಿಬರುತ್ತಿದ್ದರು.

ನಿರ್ದೇಶಕ ಭಾರತದ ಜ್ಯೋತಿಷ್ ಸಿಂಗ್, ಸಂಗೀತ ಆರ್. ನಾರಾಯಣ ಅಯ್ಯರ್. ಕಥೆ, ಮಾತು, ನಟರು ಸಿಲೋನಿನವರು. ಚಿತ್ರ ಹೇಗಿತ್ತೆಂದು ಬಲ್ಲವರು ಬರೆದಿದ್ದಾರೆ. ನಾಟಕವನ್ನೇ ಕ್ಯಾಮೆರಾ ಮುಂದೆ ಇಟ್ಟ ಹಾಗಿತ್ತು, ಮನೆ-ಅಂಗಳಗಳೆಲ್ಲ ಸೆಟ್ಟು, ಹಾಡಿನ ಮಟ್ಟುಗಳು ಭಾರತದವು. ಇದೆಲ್ಲ ನಿಜವೇ. ಆದರೂ ಅಂದಿನ ಜನ ಸಾಲುಗಟ್ಟಿ ನೋಡಿದರು. ತಮ್ಮ ಅಡುಗೆಮನೆಯ ಮಾತು ಪರದೆಯಿಂದ ಕೇಳಿಬಂದಾಗ ಸೆಟ್ಟಿನ ಗೋಡೆ ಅಲುಗಾಡಿದ್ದು ಯಾರ ಕಣ್ಣಿಗೆ ಬಿದ್ದೀತು? 'ಸತಿ ಸುಲೋಚನ' ಬಂದ 1934ರಲ್ಲಿ ಬೆಂಗಳೂರಿನ ಜನರಿಗೂ ಹೀಗೇ ಆಗಿತ್ತು. ಕನ್ನಡದ ಆ ಮೊದಲ ವಾಕ್ಚಿತ್ರ ತಯಾರಾದದ್ದು ಕೊಲ್ಹಾಪುರದಲ್ಲಿ, ದುಡ್ಡು ಹಾಕಿದವರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಿಸಿದವರು ತೆಲುಗಿನ ವೈ.ವಿ. ರಾವ್. ಸಣ್ಣ ಮಾರುಕಟ್ಟೆಯ ಭಾಷೆಗಳು ಸಿನಿಮಾಕ್ಕೆ ಹುಟ್ಟಿದ್ದು ಬಹುತೇಕ ಪರರ ಅಂಗಳದಲ್ಲೇ.

1947ರ ಏಪ್ರಿಲಿನಲ್ಲೇ ಎರಡನೆಯ ಸಿಂಹಳ ಚಿತ್ರ 'ಅಶೋಕಮಾಲಾ' ಬಂತು. ಕೊಯಮತ್ತೂರಿನ ಸೆಂಟ್ರಲ್ ಸ್ಟುಡಿಯೋದಲ್ಲಿ ತಯಾರಾದ ಚಿತ್ರ. ದುಟ್ಟಗಾಮಿಣಿ ರಾಜನ ಮಗ ಸಾಲಿಯ ಚಂಡಾಲ ಹುಡುಗಿಯನ್ನು ಮೆಚ್ಚಿ ರಾಜ್ಯ ಬಿಟ್ಟ ಪುರಾತನ ಕಥೆ. ರುಕ್ಮಣಿ ಇದರ ನಾಯಕಿಯಲ್ಲ. ಇಲ್ಲಿ ಅದನ್ನು ನೆನೆಯುವುದು ಅದರ ಸಂಗೀತಕ್ಕಾಗಿ. ಸಂಗೀತ ಕೂಡಿಸಿದವರು ಮೊಹಮ್ಮದ್ ಘೌಸ್, ಹಾಡಿದವರಲ್ಲಿ ಒಬ್ಬರು ತಮಿಳುನಾಡಿನ ಸೇಲಂ ಮೂಲದ ಮೊಹಿದೀನ್ ಬೇಗ್. ಇನ್ನೊಬ್ಬ ಹುಡುಗ ಆಲ್ಬರ್ಟ್ ಪೆರೇರ, ಮುಂದೆ ಡಬ್ಲ್ಯು.ಡಿ. ಅಮರದೇವ ಎಂಬ ಹೆಸರಿನಲ್ಲಿ ಸಿಂಹಳ ಸಂಗೀತದ ಹಿರಿಯಜ್ಜನಾದವರು. ಬೇಗ್ ಅವರು ಹಾಡಿದ ಬೌದ್ಧ ಭಕ್ತಿಗೀತೆಗಳಿಲ್ಲದೆ ಲಂಕೆಯಲ್ಲಿ ವೆಸಾಕ್ ಹಬ್ಬ ನಡೆಯುವುದಿಲ್ಲ. ಬೇಗ್ ಮತ್ತು ರುಕ್ಮಣಿ ಕೂಡಿ ಹಾಡಿದ ಯುಗಳಗಳು ಆ ಕಾಲದ ತಟ್ಟೆಗಳಲ್ಲಿವೆ. ಒಬ್ಬ ಮುಸ್ಲಿಂ ಗಂಡಸು, ಒಬ್ಬ ಕ್ರೈಸ್ತ ಹೆಂಗಸು, ಹಾಡು ಸಿಂಹಳದ್ದು. ಇಬ್ಬರ ಬೇರೂ ಕಡಲಾಚೆಯ ನಮ್ಮ ದಕ್ಷಿಣದಲ್ಲಿ. ಆಗ ಇದನ್ನು ಯಾರೂ ದೊಡ್ಡ ಮಾತಾಗಿ ಎತ್ತಿ ಆಡಲಿಲ್ಲ; ಹಾಡುಗಾರರು ಸಿಕ್ಕರು, ಹಾಡಿಸಿದರು ಅಷ್ಟೆ. ನನಗೆ ಆ ಸಹಜತೆಯ ಮೇಲೇ ಗೌರವ.

1948ರಲ್ಲಿ 'ಕಪಟಿ ಆರಕ್ಷಕಯಾ', 1950ರಲ್ಲಿ 'ಹದಿಸಿ ವಿನಿಶ್ಚಯ', ಹೀಗೆ ಮಿನರ್ವದ ನಾಟಕಗಳು ಒಂದೊಂದಾಗಿ ಚಿತ್ರಗಳಾದವು. ಹೆಚ್ಚಿನವಕ್ಕೆ ರುಕ್ಮಣಿಯೇ ನಾಯಕಿ. ಹೊರಗಿನ ನಿರ್ಮಾಪಕರೂ ಅವರನ್ನೇ ಕೇಳಿ ಬಂದರು. ಕಥೆಯಲ್ಲಿ ಹೊಸದೇನೂ ಇರುತ್ತಿರಲಿಲ್ಲ. ಹೆಣ್ಣು ಮೋಸ ಹೋಗುತ್ತಾಳೆ, ಕಷ್ಟಪಡುತ್ತಾಳೆ, ಹಾಡುತ್ತಾಳೆ. ಜನ ಕಾಯುತ್ತಿದ್ದದ್ದು ಆ ಮೂರನೆಯದಕ್ಕೆ.

ಹಾಡುವ ನಟಿ ಎಂಬ ಆ ತಳಿ ನಮ್ಮ ಉಪಖಂಡದಲ್ಲಿ ಒಂದು ಕಾಲಕ್ಕೆ ಎಲ್ಲೆಡೆ ಇತ್ತು. ಬಿಜಾಪುರ ಸೀಮೆಯ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ಹಿಂದಿಯವರ ಮನೆಮಾತಾದದ್ದು ನಮಗೆ ಗೊತ್ತು. ಅವರೂ ಕಲಿತ ಭಾಷೆಯಲ್ಲೇ ಹಾಡಿ ಗೆದ್ದವರು, ಅವರೂ ನಟಿಸುತ್ತಿದ್ದರು. ಹಿನ್ನೆಲೆ ಗಾಯನ ಬಲಗೊಂಡ ಮೇಲೆ ಮುಖ ಒಬ್ಬರದು, ದನಿ ಇನ್ನೊಬ್ಬರದು ಎಂಬ ಪದ್ಧತಿ ಗಟ್ಟಿಯಾಯಿತು. ಲಂಕೆಯಲ್ಲಿ ಲತಾ ವಲ್ಪೊಲ ಬಂದರು. ಅವರ ಹುಟ್ಟುಹೆಸರೂ ರೀಟಾ ಜೆನೆವೀವ್ ಫರ್ನಾಂಡೊ! ಸಿಂಹಳ ಚಿತ್ರಗೀತೆಯ ಚರಿತ್ರೆಯನ್ನು ಹೆಸರುಗಳ ಹಿಂದಿನ ಹೆಸರುಗಳಿಂದಲೇ ಬರೆಯಬಹುದು.

ಇಲ್ಲಿಂದ ಕಥೆ ತಿರುಗುತ್ತದೆ. 1956 ಶ್ರೀಲಂಕಾದ ಚರಿತ್ರೆಯಲ್ಲಿ ಮರೆಯಲಾಗದ ವರ್ಷ. ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ ಸರ್ಕಾರ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡಿ ಕಾಯ್ದೆ ತಂದದ್ದು ಆ ವರ್ಷ. ಎದಿರಿವೀರ ಸರಚ್ಚಂದ್ರರು ಜನಪದ ರಂಗದಿಂದ ಎತ್ತಿಕೊಂಡು 'ಮನಮೆ' ಎಂಬ ಅದ್ಭುತ ನಾಟಕ ಆಡಿಸಿದ್ದು ಆ ವರ್ಷ. ಲೆಸ್ಟರ್ ಜೇಮ್ಸ್ ಪೀರಿಸ್ ಸ್ಟುಡಿಯೋದ ಗೋಡೆ ದಾಟಿ ಲಂಕೆಯ ಹಳ್ಳಿಯ ಬಿಸಿಲಿನಲ್ಲಿ 'ರೇಖಾವ' ಚಿತ್ರ ತೆಗೆದು ತಂದದ್ದೂ ಆ ವರ್ಷವೇ. ಮರುವರ್ಷ ಅದು ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಊರಿನಲ್ಲಿ ದುಡ್ಡು ಮಾಡಲಿಲ್ಲ, ಆದರೆ ಸಿಂಹಳ ಸಿನಿಮಾ ಹೀಗೂ ಇರಬಹುದೆಂದು ತೋರಿಸಿತು. ಎಲ್ಲರೂ ತಮ್ಮದು ಎಂಬುದನ್ನು ಹುಡುಕುತ್ತಿದ್ದ ವರ್ಷ. ಕಲೆಯಲ್ಲಿ ಆ ಹುಡುಕಾಟ ಒಳ್ಳೆಯ ಫಲ ಕೊಟ್ಟಿತು, ರಾಜಕೀಯದಲ್ಲಿ ನಂಜು ಕೊಟ್ಟಿತು. ಎರಡು ವರ್ಷದೊಳಗೆ, 1958ರಲ್ಲಿ, ತಮಿಳರ ಮೇಲೆ ದೇಶದುದ್ದಕ್ಕೂ ದಾಳಿಗಳು ನಡೆದವು.

ಸಂಗೀತದಲ್ಲೂ ಇದೇ ಎಳೆದಾಟ. 1952ರಲ್ಲಿ ರೇಡಿಯೋ ಸಿಲೋನಿನ ಗಾಯಕರಿಗೆ ದರ್ಜೆ ಹಾಕಲು ಲಖನೌದಿಂದ ಎಸ್.ಎನ್. ರತಂಜನಕರ್ ಅವರನ್ನು ಕರೆಸಿದರು. ಬೈಲಹೊಂಗಲದ ಕೆ.ಜಿ. ಗಿಂಡೆಯವರ ಗುರು ಎಂದರೆ ನಮ್ಮ ಸಂಗೀತಪ್ರಿಯರಿಗೆ ಗುರುತು ಸಿಕ್ಕೀತು. ಹಿಂದೂಸ್ತಾನಿಯ ಅಳತೆಗೋಲಿನಿಂದ ಸಿಂಹಳ ಹಾಡನ್ನು ಅಳೆಯಬಾರದೆಂದು ಸುನಿಲ್ ಶಾಂತ ಎಂಬ ಜನಪ್ರಿಯ ಗಾಯಕ ಆ ಪರೀಕ್ಷೆಗೆ ಕೂರಲಿಲ್ಲ, ರೇಡಿಯೋ ಕಳೆದುಕೊಂಡರು. ಅವರ ನಿಲುವಿನಲ್ಲಿ ಸತ್ಯವಿತ್ತು. ಹಿಂದಿಯ ಮಟ್ಟಿಗೆ ಸಿಂಹಳದ ಪದ ಹೊಂದಿಸುವ ಚಾಳಿ ಅಲ್ಲಿನ ಚಿತ್ರಗೀತೆಯನ್ನು ಬಹುಕಾಲ ಕುಂಟಿಸಿತ್ತು. ರುಕ್ಮಣಿಯ ಎಷ್ಟೋ ಹಾಡುಗಳೂ ಆ ಚಾಳಿಯವೇ.

ಹೀಗಾಗಿ ವಿಮರ್ಶಕರು ಜಯಮಾನ್ನರ ಚಿತ್ರಗಳನ್ನು ಎರವಲು ಸರಕೆಂದು ಪಕ್ಕಕ್ಕಿಟ್ಟರು. ಚಿತ್ರಗಳ ಬಗ್ಗೆ ಅವರು ಹೇಳಿದ್ದನ್ನು ನಾನು ಒಪ್ಪುತ್ತೇನೆ. 'ರೇಖಾವ' ಎಲ್ಲಿ, ಇವೆಲ್ಲಿ! ಆದರೆ ಚಿತ್ರದ ಜೊತೆಗೆ ಅದರಲ್ಲಿ ಹಾಡಿದವರನ್ನೂ ಪಕ್ಕಕ್ಕಿಟ್ಟದ್ದು ಅನ್ಯಾಯ. ನಿರ್ದೇಶಕನಿಗೆ ಕ್ಯಾಮೆರಾ ಗೊತ್ತಿರಲಿಲ್ಲ ಎಂಬುದಕ್ಕೆ ಗಾಯಕಿ ಹೊಣೆಯಲ್ಲ. ಮಟ್ಟು ಎರವಲಾದರೂ ಅದಕ್ಕೆ ತುಂಬಿದ ಉಸಿರು ಎರವಲಲ್ಲ. ಹಳೆಯ ಪದ್ಧತಿ ಬಿದ್ದಾಗ ಅದನ್ನು ಕಟ್ಟಿದ ಗಂಡಸರು ನಿರ್ಮಾಪಕರಾಗಿ, ಬರಹಗಾರರಾಗಿ, ಸ್ಟುಡಿಯೋ ಮಾಲೀಕರಾಗಿ ಇನ್ನೊಂದು ದಾರಿ ನೋಡಿಕೊಳ್ಳಬಹುದಿತ್ತು. ಅದರ ಮುಖವಾಗಿದ್ದ ಹೆಣ್ಣಿಗೆ ವಯಸ್ಸೂ ಎದುರಾಗಿ ನಿಂತಿತ್ತು. ಮೂವತ್ತೈದು ದಾಟಿದ ನಾಯಕಿಗೆ ಯಾವ ಭಾಷೆಯ ಸಿನಿಮಾವೂ ಅಂದು ಬಾಗಿಲು ತೆರೆದಿಡುತ್ತಿರಲಿಲ್ಲ. ಅರವತ್ತರ ದಶಕದಲ್ಲಿ ಚಿತ್ರಗಳು ಕಡಿಮೆಯಾದವು, ಪಾತ್ರಗಳು ತಾಯಂದಿರದಾದವು. ನೆಗೊಂಬೊದ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ.

ಅವರನ್ನು ಮತ್ತೆ ಬೆಳಕಿಗೆ ತಂದವರು ಸಿನಿಮಾದವರಲ್ಲ, ಗಿಟಾರು ಹಿಡಿದ ಹುಡುಗರು. ಅರವತ್ತರ ದಶಕದ ಕೊನೆಗೆ ಲಂಕೆಯಲ್ಲಿ ಹೊಸ ಬಗೆಯ ಹಾಡು ಹುಟ್ಟಿತು. ಕ್ಲಾರೆನ್ಸ್ ವಿಜೇವರ್ಧನ ಎಂಬ ತರುಣ ಮೂನ್‌ಸ್ಟೋನ್ಸ್ ಎಂಬ ತಂಡದ ಮೂಲಕ ಎಲೆಕ್ಟ್ರಿಕ್ ಗಿಟಾರಿಗೆ ಸರಳ ಸಿಂಹಳ ಪದ ಹೊಂದಿಸಿ ಹಾಡತೊಡಗಿದರು, ಆಮೇಲೆ ಗೋಲ್ಡನ್ ಚೈಮ್ಸ್ ಕಟ್ಟಿದರು. ಹಿರಿಯರು ಮೂಗು ಮುರಿದರು, ಕಾಲೇಜು ಹುಡುಗರು ಕುಣಿದರು. ಅದೇ ಕ್ಲಾರೆನ್ಸ್, ತನ್ನ ತಾಯಿಯ ವಯಸ್ಸಿನ ರುಕ್ಮಣಿ ದೇವಿಗಾಗಿ ಹಾಡು ಕಟ್ಟಿದರು. 'ಮಲ್ಬರ ಹಿಮಿದಿರಿಯೇ' ಅಂಥದು. ಐವತ್ತರ ಹತ್ತಿರದ ಹೆಂಗಸು ಪಾಪ್ ತಂಡದ ಮುಂದೆ ಮೈಕ್ ಹಿಡಿದು ನಿಂತರು. ಊರೂರಿನ ಮೈದಾನಗಳಲ್ಲಿ ಸಂಗೀತ ಸಂಜೆಗಳು ನಡೆಯುತ್ತಿದ್ದ ಕಾಲ. 1947ರಲ್ಲಿ ಹುಟ್ಟಿಯೇ ಇರದ ಹುಡುಗ ಹುಡುಗಿಯರು ಅವರ ಹಾಡಿಗೆ ಕಾದು ಕೂರುತ್ತಿದ್ದರು.

ಈ ಘಟ್ಟ ನನಗೆ ಅವರ ಬದುಕಿನಲ್ಲೆಲ್ಲ ಹೆಚ್ಚು ಇಷ್ಟ. ಮೊದಲ ನಾಯಕಿ ಎಂಬ ಪಟ್ಟ ಅವಕಾಶದಿಂದ ಬಂದದ್ದು. ಮದುರೆಯ ಸ್ಟುಡಿಯೋ ಮಿನರ್ವ ತಂಡದ ಬದಲು ಇನ್ನೊಂದನ್ನು ಕರೆದಿದ್ದರೆ ಆ ಪಟ್ಟ ಇನ್ನೊಬ್ಬರಿಗೆ ಹೋಗುತ್ತಿತ್ತು. ಆದರೆ ನೂರ್ತಿಯ ನೆರಳಿನಲ್ಲಿ ಹಾಡು ಕಲಿತು, ಗ್ರಾಮಫೋನಿಗೆ ಒಗ್ಗಿ, ಸಿನಿಮಾಕ್ಕೆ ಒಗ್ಗಿ, ಸಿನಿಮಾ ಕೈಬಿಟ್ಟ ಮೇಲೆ ಗಿಟಾರಿನ ತಾಳಕ್ಕೂ ಗಂಟಲು ಹೊಂದಿಸಿಕೊಂಡದ್ದು ಅವರ ಸ್ವಂತ ಸಂಪಾದನೆ.

1978ರ ಅಕ್ಟೋಬರ್ 28. ದಕ್ಷಿಣದ ತುದಿಯ ಮಾತರದಲ್ಲಿ ಕಾರ್ಯಕ್ರಮ ಮುಗಿಸಿ ನೆಗೊಂಬೊಗೆ ವಾಪಸು ಹೊರಟಿದ್ದರು. ಕರಾವಳಿಯುದ್ದಕ್ಕೂ ಬಂದು, ಕೊಲಂಬೊ ದಾಟಿ, ಮನೆ ಇನ್ನೇನು ಹತ್ತಿರ ಎನ್ನುವಾಗ ಜಾ-ಎಲದ ತುಡೆಲ್ಲ ಎಂಬಲ್ಲಿ ವಾಹನ ಅಪಘಾತಕ್ಕೀಡಾಯಿತು. ರುಕ್ಮಣಿ ದೇವಿ ತೀರಿಕೊಂಡರು. ವಯಸ್ಸು 55. ಅವರನ್ನು ಕಳಿಸಿಕೊಡಲು ಜನಸಾಗರವೇ ನೆರೆಯಿತು. ನೆಗೊಂಬೊದಲ್ಲಿ ಆಮೇಲೆ ಅವರ ಪ್ರತಿಮೆ ನಿಲ್ಲಿಸಿದರು.

ಐದು ವರ್ಷವೂ ತುಂಬಿರಲಿಲ್ಲ. 1983ರ ಜುಲೈನಲ್ಲಿ ಕೊಲಂಬೊ ಹೊತ್ತಿ ಉರಿಯಿತು. ತಮಿಳರ ಮನೆ, ಅಂಗಡಿ, ಕಾರ್ಖಾನೆಗಳನ್ನು ಪಟ್ಟಿ ಹಿಡಿದು ಸುಟ್ಟರು. ಸಿಂಹಳ ಚಿತ್ರಗಳಿಗೆ ದಶಕಗಳ ಕಾಲ ಬಂಡವಾಳ ಹಾಕಿದ ಕೆ. ಗುಣರತ್ನಂ ಅವರ ಹೆಂದಳದ ವಿಜಯ ಸ್ಟುಡಿಯೋಕ್ಕೆ ಬೆಂಕಿ ಬಿತ್ತು, ಅದರೊಂದಿಗೆ ಚಿತ್ರಗಳ ಸುರುಳಿಗಳೂ ಬೂದಿಯಾದವು. ಸಿಂಹಳ ಚಿತ್ರಗಳನ್ನು ನಿರ್ದೇಶಿಸುತ್ತಿದ್ದ ಕೆ. ವೆಂಕಟ್ ಎಂಬ ತಮಿಳು ನಿರ್ದೇಶಕರನ್ನು ಗಲಭೆಕೋರರು ಕೊಂದರು. ತಮಿಳರ ದುಡಿಮೆಯೆಂದು ಸುಟ್ಟದ್ದು ಸಿಂಹಳ ಸಿನಿಮಾವನ್ನೇ. ಯಾರ ಸುರುಳಿ, ಯಾರ ಭಾಷೆಯದು ಎಂದು ಬೆಂಕಿ ಹಚ್ಚಿದವರು ನಿಂತು ನೋಡಲಿಲ್ಲ.

ಚಿತ್ರಗಳನ್ನು ಕಾಯುವ ವ್ಯವಸ್ಥೆಯೊಂದು ಲಂಕೆಯಲ್ಲಿ ಇರಬೇಕೆಂದು ಲೆಸ್ಟರ್ ಪೀರಿಸ್ ತಮ್ಮ ಇಳಿವಯಸ್ಸಿನಲ್ಲೂ ಹೇಳುತ್ತಲೇ ಇದ್ದರು. ಹಳೆಯ ಕನ್ನಡ ಚಿತ್ರಗಳನ್ನು ಕಳೆದುಕೊಂಡ ನಮಗೆ ಅವರ ಸಂಕಟ ಅರ್ಥವಾಗುತ್ತದೆ. ಆದರೆ ಹಾಡು ಸುರುಳಿಯಷ್ಟು ಸುಲಭವಾಗಿ ಸುಡುವುದಿಲ್ಲ. ತಟ್ಟೆಯಲ್ಲಿತ್ತು, ರೇಡಿಯೋ ಟೇಪಿನಲ್ಲಿತ್ತು, ಆಮೇಲೆ ಕ್ಯಾಸೆಟ್ಟಿಗೆ ಬಂತು, ಈಗ ಫೋನಿನಲ್ಲೇ ಸಿಗುತ್ತದೆ. ಬಿನಾಕಾ ಗೀತ್‌ಮಾಲಾಕ್ಕಾಗಿ ರೇಡಿಯೋ ಸಿಲೋನಿನ ಮುಳ್ಳು ತಿರುಗಿಸುತ್ತಿದ್ದ ತಲೆಮಾರು ನಮ್ಮಲ್ಲಿ ಇನ್ನೂ ಇದೆ. ಆ ನಿಲಯದ ಹಿಂದಿ ಹಾಡುಗಳಿಗಾಗಿ ಕಿವಿಗೊಟ್ಟವರಿಗೆ ಅದರ ಸ್ವಂತ ನೆಲದ ದನಿ ಕೇಳಿಸಿರಲಿಕ್ಕಿಲ್ಲ. ಕುತೂಹಲವಿದ್ದವರು ಮೊದಲು 'ಸಿರಿ ಬುದ್ಧಗಯಾ ವಿಹಾರೇ' ಕೇಳಲಿ, ಆಮೇಲೆ 'ಮಲ್ಬರ ಹಿಮಿದಿರಿಯೇ'. ಎರಡರ ನಡುವೆ ಮೂವತ್ತು ವರ್ಷಕ್ಕೂ ಹೆಚ್ಚು ಅಂತರ. ಒಂದರಲ್ಲಿ ಹಾರ್ಮೋನಿಯಂ ಕಾಲದ ಬಾಲೆ, ಇನ್ನೊಂದರಲ್ಲಿ ಗಿಟಾರಿನ ಜೊತೆಗೆ ಹಣ್ಣಾದ ಹೆಂಗಸು. ಮೊದಲನೆಯದರಲ್ಲಿ ಪದಗಳ ಉಚ್ಚಾರಣೆಯನ್ನು ಗಮನಿಸಿ, ಎರಡನೆಯದರಲ್ಲಿ ಸಾಲು ಮುಗಿದ ಮೇಲೆ ಅವರು ಉಸಿರು ಬಿಡುವ ರೀತಿಯನ್ನು.